ಒಂಬತ್ತನೇ ಮಂಚದ ಪದಪಾಠ

ವಾರ್ಡಿನ ಬಾಗಿಲ ಪಕ್ಕದ ಗೋಡೆಯ ಮೇಲೆ ಒಂದು ಕಪ್ಪು ಟೆಲಿಫೋನು ಇತ್ತು. ಅದು ಹೊಡೆದುಕೊಂಡಾಗಲೆಲ್ಲ ನನ್ನ ಅಂಗೈ ಬೆವರುತ್ತಿತ್ತು. ಹತ್ತಿರ ಬೇರೆ ಯಾರಾದರೂ ಇದ್ದರೆ ಸಾಕು, ಬಟ್ಟಲು ತೊಳೆಯುವ ನೆಪದಲ್ಲಿ ಹಿಂದಿನ ಕೋಣೆಗೆ ಜಾರಿಕೊಳ್ಳುತ್ತಿದ್ದೆ. ರಕ್ತ, ವಾಂತಿ, ಕೀವು ಯಾವುದಕ್ಕೂ ಹೇಸದ ನಾನು ಆ ಫೋನಿಗೆ ಹೆದರುತ್ತಿದ್ದೆ. ಅದರೊಳಗಿಂದ ಬರುವ ಮಾತೆಲ್ಲ ಇಂಗ್ಲಿಷಿನಲ್ಲಿ ಇರುತ್ತಿತ್ತು.

ಆಗ ನಾನು ನರ್ಸಿಂಗ್ ತರಬೇತಿಯ ಎರಡನೇ ವರ್ಷದಲ್ಲಿದ್ದೆ. ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿದವಳು. ಮೊದಲ ವರ್ಷದ ಪರೀಕ್ಷೆಯಲ್ಲಿ ಒಮ್ಮೆ ನಪಾಸಾಗಿ, ಮತ್ತೆ ಕಟ್ಟಿ, ಅಂಚಿನಲ್ಲಿ ಪಾಸಾಗಿದ್ದೆ. "ಇನ್ನೊಂದು ಸಲ ಹೀಗಾದ್ರೆ ಪೆಟ್ಟಿಗೆ ಕಟ್ಕೊಂಡು ಊರಿಗೆ ಹೋಗ್ಬೇಕಾಗುತ್ತೆ" ಎಂದು ಮೇಟ್ರನ್ ಹೇಳಿದ್ದರು. ಊರಿನಲ್ಲಿ ನನಗಿಂತ ಹದಿನೆಂಟು ವರ್ಷ ದೊಡ್ಡವನಾದ ಸೋದರಮಾವ ಕಾಯುತ್ತಿದ್ದ. ಅವನೊಂದಿಗೆ ಮದುವೆ ಬೇಡವೆಂದು ಅಮ್ಮ ತವರಿನವರ ಜೊತೆ ಮಾತು ಬಿಟ್ಟು ನನ್ನನ್ನು ಇಲ್ಲಿಗೆ ಕಳಿಸಿದ್ದಳು.

ಒಂಬತ್ತನೇ ಮಂಚದಲ್ಲಿ ತಿರುಮಲಯ್ಯ ಮೇಷ್ಟ್ರು ಇದ್ದರು. ನಿವೃತ್ತರಾದ ಭಾಷಾ ಪಂಡಿತರು. ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದೆ ಎರಡು ತಿಂಗಳಿಂದ ಅಲ್ಲೇ ಇದ್ದರು. ಒಂದು ಮಧ್ಯಾಹ್ನ ಕಿಟಕಿಯ ಬಳಿ ನಿಂತು ನಾನು ಪದಗಳ ಪಟ್ಟಿಯನ್ನು ಮಗ್ಗಿಯಂತೆ ಒಪ್ಪಿಸಿಕೊಳ್ಳುತ್ತಿದ್ದುದು ಅವರ ಕಿವಿಗೆ ಬಿತ್ತು.

"ಏನಮ್ಮಾ ಅದು, ಮಂತ್ರ ಹೇಳ್ದಂಗೆ ಹೇಳ್ತಿದ್ದೀಯ? ಅರ್ಥ ಗೊತ್ತಾ?"

"ಇಲ್ಲ ಮೇಷ್ಟ್ರೇ. ಬಾಯಿಪಾಠ."

"ಬಾ ಇಲ್ಲಿ. ಡೆಂಟಲ್ ಅಂದ್ರೆ?"

"ಹಲ್ಲಿಂದು."

"ದಂತ. ನೇಸಲ್ ಅಂದ್ರೆ ನಾಸಿಕ. ಕಾರ್ಡಿಯಾಕ್ ಅನ್ನೋದೂ ನಮ್ಮ ಹೃದಯ ಅನ್ನೋದೂ ಒಂದೇ ಬೇರಿನವು. ಗ್ರೀಕು, ಲ್ಯಾಟಿನ್ನು, ಸಂಸ್ಕೃತ ಒಂದೇ ಮನೆಯಿಂದ ಹೊರಟವು ಕಣಮ್ಮ. ನೀನು ಹೆದರ್ಕೊಂಡಿರೋದು ನೆಂಟರಿಗೆ."

ಅಂದಿನಿಂದ ದಿನಕ್ಕೆ ಐದು ಪದ. ಬೇರು ಸಿಗದ ಪದಕ್ಕೆ ಅವರು ಏನಾದರೊಂದು ಕೊಕ್ಕೆ ಹಾಕಿಕೊಡುತ್ತಿದ್ದರು. ತುಟಿ ನೀಲಿಯಾಗುವುದಕ್ಕೆ ಸಯನೋಸಿಸ್ ಎನ್ನುತ್ತಾರೆ. ಅದಕ್ಕೆ ಅವರು ಕೊಟ್ಟದ್ದು 'ಶ್ಯಾಮ'. "ಇದು ನೆಂಟಲ್ಲ, ಬರೀ ನೆಪ. ನೆಂಟು ಯಾವುದು, ನೆಪ ಯಾವುದು ಅಂತ ಬೇರೆ ಬೇರೆ ಬರ್ಕೋ. ಇಲ್ದಿದ್ರೆ ನಾಳೆ ಯಾರ ಮುಂದಾದ್ರೂ ಹೇಳಿ ನಗೆಪಾಟಲಾಗ್ತೀಯ" ಎನ್ನುತ್ತಿದ್ದರು.

ನನಗೆ ಎಲ್ಲಕ್ಕಿಂತ ಕಷ್ಟವಾಗುತ್ತಿದ್ದುದು ಹೈಪರ್ ಮತ್ತು ಹೈಪೋ. ಒಂದು ಏರುವುದು, ಒಂದು ಇಳಿಯುವುದು. ಬರೆಯುವಾಗ ಸರಿ, ಕೇಳುವಾಗ ಎರಡೂ ಕಲಸಿಹೋಗುತ್ತಿದ್ದವು.

"ಹೈಪರ್ ಅಂದ್ರೆ ಉಪರಿ, ಮೇಲೆ. ಹೈಪೋ ಅಂದ್ರೆ ಉಪ, ಕೆಳಗಿಂದು. ಇವು ಖಾಸಾ ನೆಂಟರು" ಎಂದರು ಮೇಷ್ಟ್ರು. ನನ್ನ ಮುಖ ನೋಡಿ, "ಇನ್ನೂ ಗಟ್ಟಿಯಾಗಿ ಬೇಕಾ? ಹೈಪೋ ಅಂದ್ರೆ ಉಪವಾಸ ಅನ್ಕೋ. ಉಪವಾಸ ಮಾಡಿದ್ರೆ ಸಕ್ಕರೆ ಇಳಿಯುತ್ತೆ, ಮೈ ತಣ್ಣಗಾಗಿ ಬೆವರುತ್ತೆ. ಆ ಪದದಲ್ಲಿ ಉಪಕ್ಕೆ ಹತ್ತಿರ ಅಂತ ಅರ್ಥ, ಹಾಗಾಗಿ ಇದು ನೆಪ. ಆದ್ರೂ ಸಾಕು ನಿಂಗೆ" ಎಂದು ನಕ್ಕರು.

ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. ಅಂದು ಬೆಳಿಗ್ಗೆ ಏಳಕ್ಕೆ ಮೇಷ್ಟ್ರಿಗೆ ಎಂದಿನ ಇನ್ಸುಲಿನ್ ಚುಚ್ಚಿದ್ದರು. ಎಂಟು ಗಂಟೆಗೆ ನಾನು ಹತ್ತಿರ ಹೋದಾಗ ರವೆ ಗಂಜಿಯ ಬಟ್ಟಲು ಮುಚ್ಚಿದಂತೆಯೇ ಇತ್ತು. ಅವರು ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಏನೋ ಬರೆಯುತ್ತಿದ್ದರು.

"ಗಂಜಿ ಕುಡೀರಿ ಮೇಷ್ಟ್ರೇ."

"ಕುಡೀತೀನಮ್ಮ. ನಿನ್ನ ಪದಗಳು ಇನ್ನು ಇಪ್ಪತ್ತಿವೆ. ಮುಗಿಸಿಬಿಡ್ತೀನಿ."

ಇನ್ಸುಲಿನ್ ಆದ ಮೇಲೆ ರೋಗಿ ತಿನ್ನುವವರೆಗೂ ಪಕ್ಕದಲ್ಲಿ ನಿಲ್ಲಬೇಕೆಂದು ನನಗೆ ಗೊತ್ತಿತ್ತು. ಆದರೆ ಅವರು ಬರೆಯುತ್ತಿದ್ದುದು ನನಗಾಗಿ. ನಾನು ಮುಂದಿನ ಮಂಚಕ್ಕೆ ಹೋದೆ.

ಹತ್ತರ ಸುಮಾರಿಗೆ ಪ್ರಯೋಗಾಲಯದವರು ಬಂದು ಸಕ್ಕರೆ ಕಾಯಿಲೆಯವರೆಲ್ಲರ ರಕ್ತ ತೆಗೆದುಕೊಂಡು ಹೋದರು. ಹನ್ನೊಂದಕ್ಕೆ ಫೋನು ಹೊಡೆದುಕೊಂಡಿತು. ನಾನು ಸುತ್ತ ನೋಡಿದೆ. ವಾರ್ಡಿನ ಮುಖ್ಯ ನರ್ಸ್ ಎಸ್ತರ್ ಸಿಸ್ಟರ್ ಆ ತುದಿಯಲ್ಲಿ ಯಾರದೋ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದರು. "ಏ ಹುಡುಗೀ, ಫೋನ್ ತಗೋ!" ಎಂದು ಕೂಗಿದರು.

ತೆಗೆದುಕೊಂಡೆ. ಕರಕರ ಸದ್ದಿನ ನಡುವೆ ಯಾರೋ ಅವಸರದ ಇಂಗ್ಲಿಷಿನಲ್ಲಿ ಮಾತಾಡಿದರು. ಒಂಬತ್ತನೇ ಮಂಚ ಎಂಬುದು ತಿಳಿಯಿತು. 'ಹೈಪ' ಎಂಬುದು ಕೇಳಿತು. ಮಿಕ್ಕಿದ್ದು ಸದ್ದಿನಲ್ಲಿ ಮುಳುಗಿತು. ಇನ್ನೊಮ್ಮೆ ಹೇಳಿ ಎನ್ನಬೇಕಾಗಿತ್ತು. ನಾಲಗೆ ಏಳಲಿಲ್ಲ. "ಯೆಸ್ ಸಾರ್" ಎಂದುಬಿಟ್ಟೆ. ಫೋನು ಇಟ್ಟು ವಾರ್ಡಿನ ಪುಸ್ತಕದಲ್ಲಿ ಹೈಪರ್ ಎಂದು ಬರೆದೆ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರುವುದೇ ತಾನೇ, ಎಂದು ಒಳಗೇ ಸಮಾಧಾನ ಹೇಳಿಕೊಂಡೆ.

ಸಿಸ್ಟರ್ ಬಂದು ಓದಿದರು. "ಎಷ್ಟಂತೆ? ನಂಬರ್ ಬರೆದಿಲ್ವಲ್ಲ?"

ಆ ಕ್ಷಣ ನಿಜ ಹೇಳಿದ್ದರೆ ಎರಡು ಬೈಗುಳದಲ್ಲಿ ಮುಗಿಯುತ್ತಿತ್ತು. ನನ್ನ ಕಣ್ಣ ಮುಂದೆ ಬಂದದ್ದು ಮೇಟ್ರನ್ ಹೇಳಿದ ಪೆಟ್ಟಿಗೆ.

"ತುಂಬಾ ಜಾಸ್ತಿ ಅಂದ್ರು ಸಿಸ್ಟರ್. ಆಮೇಲೆ ಲೈನ್ ಕಟ್ಟಾಯ್ತು."

ಸಕ್ಕರೆ ತೀರ ಏರಿದರೆ ಇಷ್ಟು ಇನ್ಸುಲಿನ್ ಕೊಡಿ ಎಂದು ಡಾಕ್ಟರು ಮೊದಲೇ ಬರೆದಿಟ್ಟಿದ್ದರು. ಅವರು ಆಪರೇಷನ್‌ನಲ್ಲಿದ್ದರು. ಸಿಸ್ಟರ್ ಸಿರಿಂಜಿಗೆ ಔಷಧಿ ತುಂಬಿ, "ನೀನು ಮುಂದೆ ಹೋಗಿ ತೋಳು ಒರೆಸು. ನಾನು ಬಂದೆ" ಎಂದರು.

ಮೇಷ್ಟ್ರು ಗೋಡೆಗೆ ಒರಗಿ ಕೂತಿದ್ದರು. ಪೆನ್ನು ಹಾಸಿಗೆಯ ಮೇಲೆ ಬಿದ್ದು ಮಸಿ ಹರಡಿತ್ತು. "ಮೇಷ್ಟ್ರೇ" ಎಂದೆ. ನನ್ನನ್ನು ನೋಡಿದರು, ಗುರುತು ಹತ್ತಲಿಲ್ಲ. "ಗಂಟೆ ಹೊಡೀತಾ? ಹುಡುಗ್ರೆಲ್ಲ ಎಲ್ಲಿ?" ಎಂದು ತೊದಲಿದರು. ಐವತ್ತು ವರ್ಷ ಪದಗಳೊಂದಿಗೆ ಬಾಳಿದವರ ಬಾಯಲ್ಲಿ ಪದಗಳು ಜಾರುತ್ತಿದ್ದವು. ತೋಳು ಹಿಡಿದೆ. ಬಾವಿಯ ಹಗ್ಗದಂತೆ ತಣ್ಣಗೆ, ಒದ್ದೆಯಾಗಿ ಇತ್ತು.

ಗಂಜಿಯ ಬಟ್ಟಲು ಹಾಗೇ ಇತ್ತು. ಮುಚ್ಚಳ ಸರಿದಿರಲಿಲ್ಲ.

ಉಪವಾಸ.

ಇಳಿದ ಸಕ್ಕರೆಯ ಮೇಲೆ ಇನ್ನಷ್ಟು ಇನ್ಸುಲಿನ್ ಬಿದ್ದರೆ ಏನಾಗುತ್ತದೆಂದು ಪಾಠದ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಬರೆದಿತ್ತು. ತಿರುಗಿದರೆ ಸಿಸ್ಟರ್ ನನ್ನ ಬೆನ್ನ ಹಿಂದೆಯೇ ಇದ್ದರು, ಸೂಜಿ ಮೇಲೆತ್ತಿಕೊಂಡು.

"ಸರಿ ಆ ಕಡೆ."

ನಾನು ಸರಿಯಲಿಲ್ಲ. ಅವರ ಮಣಿಕಟ್ಟನ್ನು ಹಿಡಿದುಕೊಂಡೆ. ಮುಖ್ಯ ನರ್ಸಿನ ಕೈ ಹಿಡಿಯುವುದೆಂದರೆ ಆ ದಿನಗಳಲ್ಲಿ ಸಣ್ಣ ಮಾತಲ್ಲ.

"ಏನೇ ಇದು? ತಲೆ ಕೆಟ್ಟಿದ್ಯಾ?"

"ನಂಗೆ ಕೇಳಿಸ್ಲಿಲ್ಲ ಸಿಸ್ಟರ್. ಹೈಪರ್ರೋ ಹೈಪೋನೋ ಗೊತ್ತಾಗ್ಲಿಲ್ಲ. ಜಾಸ್ತಿ ಅಂತ ಅವ್ರು ಹೇಳ್ಲೇ ಇಲ್ಲ. ನಾನೇ ಸುಳ್ಳು ಹೇಳ್ದೆ. ಮೇಷ್ಟ್ರು ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಎಸ್ತರ್ ಸಿಸ್ಟರ್ ನನ್ನನ್ನು ನೋಡಲಿಲ್ಲ. ಮೇಷ್ಟ್ರ ಹಣೆ ಮುಟ್ಟಿದರು, ಬಟ್ಟಲು ನೋಡಿದರು. ಅವರ ಮುಖ ಬೂದಿಯಂತಾಯಿತು. ಸಿರಿಂಜನ್ನು ತಟ್ಟೆಯಲ್ಲಿಟ್ಟು, "ಗ್ಲೂಕೋಸ್ ನೀರು. ಓಡು" ಎಂದರು.

ಓಡಿದೆ. ಪುಡಿಯ ಡಬ್ಬಿಯ ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ತೆಗೆದೆ. ಸಿಸ್ಟರ್ ಮೇಷ್ಟ್ರ ತಲೆಯನ್ನು ತಮ್ಮ ತೋಳಿಗೆ ಆನಿಸಿಕೊಂಡು ಗುಟುಕು ಗುಟುಕಾಗಿ ಕುಡಿಸಿದರು. "ನುಂಗಿ ಯಜಮಾನ್ರೇ, ಇನ್ನೊಂದು, ಇನ್ನೊಂದು." ಅರ್ಧ ಗದ್ದದ ಮೇಲೆ ಹರಿಯಿತು. ನಾನು ಮಂಚದ ಕಂಬಿ ಹಿಡಿದು ನಿಂತಿದ್ದೆ. ಆ ಕಾಲು ಗಂಟೆಯಷ್ಟು ಉದ್ದದ ಹೊತ್ತನ್ನು ಆಮೇಲೆ ಮೂವತ್ತು ವರ್ಷದ ಕೆಲಸದಲ್ಲಿ ನಾನು ಕಂಡಿಲ್ಲ. ಕಡೆಗೆ ಮೇಷ್ಟ್ರು ಕಣ್ಣು ಕಿರಿದು ಮಾಡಿ ನನ್ನತ್ತ ನೋಡಿ, "ಯಾಕಮ್ಮಾ ಅಳ್ತಿದ್ದೀಯ?" ಎಂದರು.

ಸಿಸ್ಟರ್ ನನ್ನನ್ನು ಫೋನಿನ ಬಳಿಗೆ ಎಳೆದುಕೊಂಡು ಹೋಗಿ ಪ್ರಯೋಗಾಲಯಕ್ಕೆ ಫೋನ್ ಮಾಡಿಸಿದರು. "ಮತ್ತೊಮ್ಮೆ ಹೇಳಿ ಅಂತ ಕೇಳು. ಅವ್ರು ಹೇಳಿದ್ದನ್ನ ತಿರುಗಿ ಅವ್ರಿಗೇ ಓದು." ಕೇಳಿದೆ. ಹೈಪೋ. ಸಂಖ್ಯೆ ಮೂವತ್ತೆಂಟು. ಎರಡನ್ನೂ ತಿರುಗಿ ಓದಿ ಹೇಳಿದೆ.

ಮೇಟ್ರನ್ ನನ್ನನ್ನು ಊರಿಗೆ ಕಳಿಸಲಿಲ್ಲ. ತಾವೂ ಸಂಖ್ಯೆಯಿಲ್ಲದೆ ಔಷಧಿ ತುಂಬಿದ್ದು ತಪ್ಪೆಂದು ಎಸ್ತರ್ ಸಿಸ್ಟರ್ ಬರೆದುಕೊಟ್ಟಿದ್ದರೆಂದು ಆಮೇಲೆ ಗೊತ್ತಾಯಿತು. ಒಂದು ತಿಂಗಳು ನಾನು ಸಿರಿಂಜು ಮುಟ್ಟುವಂತಿರಲಿಲ್ಲ. ಫೋನಿನ ಬಳಿ ನಿಂತು ಪ್ರತಿ ಮಾತನ್ನೂ ಬರೆದು, ತಿರುಗಿ ಓದಿ ಹೇಳುವುದೇ ಕೆಲಸ.

ಮೇಷ್ಟ್ರಿಗೆ ನಾನೇ ಹೇಳಿದೆ, ಮೂರನೇ ದಿನ. ಸುಳ್ಳು ಹೇಳಿದ್ದನ್ನೂ ಸೇರಿಸಿ ಹೇಳಿದೆ. "ಆ ಹೊತ್ತಲ್ಲಿ ನನ್ನ ಹೆಸರೇ ನಂಗೆ ಸಿಗ್ಲಿಲ್ಲ ಕಣಮ್ಮ. ಬಾಯಿ ತುಂಬ ತಡಕಾಡಿದೆ" ಎಂದು ಅವರು ಮೆಲ್ಲಗೆ ಹೇಳಿದರು. ನನ್ನನ್ನು ಬೈಯಲಿಲ್ಲ. ದಿಂಬಿನ ಕೆಳಗಿನಿಂದ ಮಸಿ ಹರಡಿದ ಹಾಳೆಗಳನ್ನು ತೆಗೆದು ಕೊಟ್ಟರು. ಪಾಠ ಮಾತ್ರ ಮತ್ತೆ ನಡೆಯಲಿಲ್ಲ. ಅಂದಿನಿಂದ ಯಾರು ಸೂಜಿ ತಂದರೂ ಅವರು ಮೊದಲು ಸಂಖ್ಯೆ ಕೇಳುತ್ತಿದ್ದರು, ಕೇಳಿದ ಮೇಲೂ ಬಟ್ಟಲಿನಲ್ಲಿ ತಿಂಡಿ ಇದೆಯೇ ಎಂದು ನೋಡುತ್ತಿದ್ದರು. ಆ ಹಾಳೆಗಳನ್ನು ಓದಿಕೊಂಡೇ ನಾನು ಪರೀಕ್ಷೆ ಬರೆದೆ.

ತಿಂಗಳು ಮುಗಿದ ಬೆಳಿಗ್ಗೆ ಸಿಸ್ಟರ್ ತಟ್ಟೆಯನ್ನು ನನ್ನ ಕೈಗಿಟ್ಟು, "ಒಂಬತ್ತು" ಎಂದರು. ನಾನು ಹೋಗಿ ಮೇಷ್ಟ್ರ ಮುಂದೆ ನಿಂತು ಸಕ್ಕರೆಯ ಸಂಖ್ಯೆ ಹೇಳಿದೆ, ಇನ್ಸುಲಿನ್ನಿನ ಅಳತೆ ಹೇಳಿದೆ, ಪ್ರಯೋಗಾಲಯದ ಚೀಟಿ ತೋರಿಸಿದೆ. ಅವರು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ತಾವೇ ಅಂಗಿಯ ತೋಳನ್ನು ಒಂದೊಂದೇ ಮಡಿಕೆ ಮೇಲೆ ಸುತ್ತಿದರು. ಬೆಳಗಿನ ಬಿಸಿಲಿನಲ್ಲಿ ಆ ತೋಳಿನ ನರೆಗೂದಲು ಒಂದೊಂದೂ ನೆಟ್ಟಗೆ ಎದ್ದು ನಿಂತಿದ್ದು ನನಗೆ ಕಾಣಿಸಿತು. ಅವರು ಕಣ್ಣು ಮುಚ್ಚಿಕೊಂಡರು. ತೋಳನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.