ಚರಗದ ಬುಟ್ಟಿ

"ಕೈ ಹಾಕಲೇ ಒಳಗೆ! ಸಲಿಕೆ ಇಟ್ಕಂಡು ಏನ್ ಕೆರೀತಿದೀಯ, ಬೋಳಿಮಗನೆ? ನಿಮ್ಮಪ್ಪ ಇದ್ದಿದ್ರೆ ಇಷ್ಟೊತ್ತಿಗೆ ಸೊಂಟದ ಮಟ ಇಳಿದು ಬಾಚಿ ಹಾಕಿರೋನು."

ಮಲ್ಲೇಶಪ್ಪ ತನ್ನ ಅಡಿಕೆ ಮಂಡಿಯ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದು ಕೈ ಮೂಗಿನ ಮೇಲೆ. ಕೆಳಗೆ ಚರಂಡಿಯಲ್ಲಿ ತೊಡೆಯ ತನಕ ಇಳಿದಿದ್ದ ದೊಡ್ಡಣ್ಣ ಸಲಿಕೆ ಪಕ್ಕಕ್ಕಿಟ್ಟು ಕೈ ಹಾಕಿದ. ಸಿಕ್ಕಿದ್ದು ಯಾರದೋ ಮದುವೆಯ ಪ್ಲಾಸ್ಟಿಕ್ ತಟ್ಟೆಗಳು, ಒಂದು ಡೈಪರು, ಊದಿಕೊಂಡ ಹೆಗ್ಗಣ. ಒಂದೊಂದಾಗಿ ಎಳೆದು ರಸ್ತೆಯ ಅಂಚಿಗೆ ಹಾಕಿದ ಮೇಲೆ ಕಟ್ಟಿಕೊಂಡಿದ್ದ ನೀರು ಗುಳುಗುಳು ಹರಿಯಿತು.

ಅವನ ಹೆಸರು ದೊಡ್ಡಣ್ಣ. ಆದರೆ ಕೇರಿಯವನೊಬ್ಬನನ್ನು ಅಣ್ಣ ಎಂದು ಕರೆದರೆ ಬಾಯಿ ಮೈಲಿಗೆಯಾಗುತ್ತದಲ್ಲ, ಅದಕ್ಕೇ ಊರು ಆ ಹೆಸರನ್ನು ಅರ್ಧಕ್ಕೇ ಕಡಿದು ದೊಡ್ಡ ಎಂದು ಇಟ್ಟುಕೊಂಡಿತ್ತು. ನಿನ್ನೆ ಮೊನ್ನೆ ಮೀಸೆ ಮೂಡಿದ ಹುಡುಗರೂ ಹಾಗೇ ಕರೆಯುತ್ತಾರೆ. ಜಾತಿ ಹೆಸರು ಹಿಡಿದು ಬೈಯುವುದನ್ನು ಮಾತ್ರ ಮಲ್ಲೇಶಪ್ಪ ಈಚೆಗೆ ಬಿಟ್ಟಿದ್ದಾನೆ, ಕೇಸು ಬೀಳುತ್ತದೆ. ಅದರ ಬದಲು 'ನಿಮ್ಮೋರು' ಅನ್ನುತ್ತಾನೆ. ಅನ್ನುವ ರಾಗದಲ್ಲೇ ಉಳಿದದ್ದೆಲ್ಲ ಇರುತ್ತದೆ.

"ಮೇಲೆ ಬಾ. ಅಲ್ಲೇ, ಅಲ್ಲೇ ನಿಂತ್ಕ, ನಾತ. ಬರೋ ಮಂಗಳವಾರ ಊರಮ್ಮನ ಚರಗ ಐತೆ. ಈ ಸಲ ಹಳೇ ಜಾಡಲ್ಲಿ ಹೋಗಂಗಿಲ್ಲ. ಊರು ಪಟ್ಟಣ ಆಗೈತೆ, ಊರ ಎಲ್ಲೆನೂ ದೊಡ್ಡದಾಗ್ಬೇಕು. ನನ್ ಲೇಔಟ್ ಸೇರಿಸ್ಕಂಡು ಸುತ್ತು ಹಾಕು. ಎಲ್ಲೆ ಹೊರಗಿನ ಸೈಟು ಅಂದ್ರೆ ಯಾವನೂ ಮನೆ ಕಟ್ಟಾಕೆ ಬರಲ್ಲ."

"ಆಗ್ಲಿ ಗೌಡ್ರೆ. ಹಂಗಾದ್ರೆ ಮಧ್ಯದಾಗಿರೋ ನಮ್ ಕೇರೀನೂ ಒಳಗೇ ಬರ್ತತೆ." ದೊಡ್ಡಣ್ಣನ ಮುಖ ತಾನಾಗೇ ಅರಳಿತು.

ಮಲ್ಲೇಶಪ್ಪ ಲೋಟ ಕೆಳಗಿಟ್ಟ. "ಇದೇ ನೋಡು ನಿಮ್ಮೋರ ಬುದ್ಧಿ. ಮೊದ್ಲು ಊರಿಗೆ ದೊಡ್ಡ ಸುತ್ತು. ಅದಾದ್ಮೇಲೆ ಬಸ್‌ಸ್ಟ್ಯಾಂಡ್ ಹಿಂದಿಂದ ಬಂದು, ಕೇರಿ ಹೊರಗುಳಿಯೋ ಹಂಗೆ ಅದಕ್ಕೊಂದು ಸಣ್ಣ ಸುತ್ತು. ನೀವು ಯಾವತ್ತು ಊರೊಳಗಿದ್ರಲೇ, ಇವತ್ತು ಬರಾಕೆ? ನಾಳೆ ಅಮ್ಮನ ಗುಡಿಯೊಳಗೂ ಜಾಗ ಕೇಳ್ತೀರ."

ದೊಡ್ಡಣ್ಣನ ಕೈಯ ಕೆಸರು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

"ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡು. ಸಂತೇಬೆನ್ನೂರಾಗೆ ನಿನ್ ದಾಯಾದಿ ಸಿದ್ದೇಶ ಅದಾನೆ, ಅವ್ನೂ ಅದೇ ವಂಶ. ಫೋನ್ ಮಾಡಿದ್ರೆ ಬಸ್ ಹತ್ಕಂಡು ಬರ್ತಾನೆ. ಆಮೇಲೆ ನೀನೂ ನಿನ್ ಹೆಂಡ್ತೀನೂ ಪೊರಕೆ ಹಿಡ್ಕಂಡು ಕೆಲ್ಸಕ್ಕೆ ಬರಾಕೆ ಹೋಗ್ಬ್ಯಾಡ್ರಿ. ಊರು ಗುಡಿಸೋ ಗುತ್ತಿಗೆ ನಮ್ ಭಾಮೈದಂದೇ ಅಲ್ವಾ?"

ಚರಗದ ಬುಟ್ಟಿ ದೊಡ್ಡಣ್ಣನ ವಂಶಕ್ಕೆ ಅಂಟಿಕೊಂಡು ಎಷ್ಟು ತಲೆಮಾರಾಯಿತೋ. ಮೂರು ವರ್ಷಕ್ಕೊಮ್ಮೆ ಊರಮ್ಮನಿಗೆ ಕುರಿ ಬಿದ್ದ ಮೇಲೆ, ಅದರ ರಕ್ತ ಕಲಸಿದ ಅನ್ನವನ್ನು ಬುಟ್ಟಿಗೆ ತುಂಬಿ ತಲೆಯ ಮೇಲೆ ಹೊತ್ತು, ಎಲ್ಲೆಯುದ್ದಕ್ಕೂ ಹಿಡಿ ಹಿಡಿ ಚೆಲ್ಲುತ್ತಾ ಸುತ್ತಬೇಕು. ಗೆರೆಯ ಒಳಗಿನದೆಲ್ಲ ಅಮ್ಮನ ಮಡಿಲು. ರೋಗ ರುಜಿನ, ಪೀಡೆ ಪಿಶಾಚಿ ಎಲ್ಲ ಹೊರಕ್ಕೆ. ಹೊತ್ತವನು ಮಾತಾಡಬಾರದು, ಹಿಂದಕ್ಕೆ ತಿರುಗಬಾರದು. ಅವನನ್ನು ಯಾರೂ ಮುಟ್ಟಬಾರದು. ಬೇರೆ ದಿನ ಮಹಾ ಮುಟ್ಟುತ್ತಿದ್ದರು ಎಂದಲ್ಲ. ಸುತ್ತು ಮುಗಿಸಿ ಚಾವಡಿಯ ಮುಂದಿನ ಕರಗಲ್ಲಿನ ಬುಡದಲ್ಲಿ ಬುಟ್ಟಿ ಇಳಿಸುವ ತನಕ ಊರಲ್ಲಿ ಒಲೆ ಹೊತ್ತಿಸುವಂತಿಲ್ಲ, ಅಂಗಡಿ ಬಾಗಿಲು ತೆಗೆಯುವಂತಿಲ್ಲ, ಹೊರಗಿನ ಗಾಡಿ ಎಲ್ಲೆ ದಾಟುವಂತಿಲ್ಲ.

ಆ ಕರಗಲ್ಲು ಬಿದರಕೋಡಿ ಎಂಬ ಈ ಊರು ಹುಟ್ಟಿದ ದಿನ ನೆಟ್ಟದ್ದಂತೆ. ಆಗ ಕಲ್ಲಿನ ಸುತ್ತ ಒಂದಷ್ಟು ಮನೆ, ಒಂದು ಗುಡಿ. ಕೇರಿ ಇದ್ದದ್ದು ಹಳ್ಳದ ಆಚೆ, ಜಾಲಿ ಮರಗಳ ಕೆಳಗೆ. ಕೂಗಿದರೆ ಕೇಳಬೇಕು, ಗಾಳಿ ಮಾತ್ರ ತಾಗಬಾರದು, ಅಷ್ಟು ದೂರದಲ್ಲಿ. ನಡುವಿನ ಬಯಲಲ್ಲಿ ಸಂತೆ ಶುರುವಾಯಿತು. ಸಂತೆಯ ಹಿಂದೆ ಸವಳಂಗದಿಂದ ಹೊನ್ನಾಳಿಗೆ ಹೋಗುವ ಟಾರು ರಸ್ತೆ ಬಂತು, ರಸ್ತೆಯ ಹಿಂದೆ ಬಸ್ಸು, ಬಸ್ಸಿನ ಹಿಂದೆ ಹೋಟೆಲು, ಮಂಡಿ, ಪೆಟ್ರೋಲ್ ಬಂಕು, ಕಾಲೇಜು, ಬಾರು. ಪ್ರತಿಯೊಂದರ ಪಾಯವನ್ನೂ ಅಗೆದದ್ದು ಕೇರಿಯ ಗುದ್ದಲಿ. ಪಾಯ ಅಗೆಯುವಾಗ ಒಳಗಿದ್ದರು, ಗೃಹಪ್ರವೇಶದ ದಿನ ಎಲೆ ಎತ್ತಲು ಹಿತ್ತಲಲ್ಲಿದ್ದರು. ಹಳ್ಳ ಚರಂಡಿಯಾಯಿತು. ಚರಂಡಿಯ ಈಚೆ ಬಸ್‌ಸ್ಟ್ಯಾಂಡು ಎದ್ದಿತು. ಕೇರಿಯ ಬೆನ್ನಿಗಿದ್ದ ಗೋಮಾಳ ಯಾವಾಗಲೋ ಮಲ್ಲೇಶಪ್ಪನದಾಗಿ, ಕಮಾನು ಹೊತ್ತ ಲೇಔಟ್ ಆಯಿತು. ಹೋದ ವರ್ಷ ಪಟ್ಟಣ ಪಂಚಾಯ್ತಿಯ ಬೋರ್ಡು ಬಂತು, ಮಲ್ಲೇಶಪ್ಪನೇ ಮೊದಲ ಅಧ್ಯಕ್ಷ. ಕೇರಿ ಇದ್ದಲ್ಲೇ ಇತ್ತು. ಊರೇ ನಡೆದು ಬಂದು, ಅದನ್ನು ಸುತ್ತಿಕೊಂಡು ಮುಂದಕ್ಕೆ ಹೋಗಿತ್ತು.

ಮನೆಗೆ ಬಂದು ಮೈ ತೊಳೆದುಕೊಂಡ ಮೇಲೆ ದೊಡ್ಡಣ್ಣ ವಿಷಯ ಹೇಳಿದ. ಹೆಂಡತಿ ಅಂತರಘಟ್ಟಮ್ಮ ಸೊಪ್ಪು ಸೋಸುತ್ತಿದ್ದ ಕೈ ನಿಲ್ಲಿಸಿದಳು. ಒಳಗೆ ಕತ್ತಲೆ ಕೋಣೆಯಲ್ಲಿ ಮಗಳು ಮಾಲಾ ಚೊಚ್ಚಲ ಬಾಣಂತನಕ್ಕೆ ಬಂದು ಮಲಗಿದ್ದಳು, ಮಗ್ಗುಲಲ್ಲಿ ಇನ್ನೂ ಹೆಸರಿಡದ ಕೂಸು. ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ ಅವನ ತಾಯಿ ಗಿಡ್ಡಮ್ಮನಿಗೆ ಕಣ್ಣು ಅಷ್ಟಕ್ಕಷ್ಟೆ, ಕಿವಿ ಚುರುಕು.

"ಯಪ್ಪಾ, ಆಗ ಗೆರೆ ಹೊರಗೆ ಹೊಲ ಇತ್ತು, ಹಳ್ಳ ಇತ್ತು, ಕಾಡಿತ್ತು. ಓಡಿಸಿದ ಮಾರಿ ಎತ್ಲಾಗಾದ್ರೂ ಹೋಗೋಳು. ಹಂಗಿದ್ರೂ ಅರ್ಧ ದಾರೀಲಿ ನಮ್ ಮನೆ ಹೊಕ್ಕಳು." ಮುದುಕಿ ಬೆರಳಲ್ಲಿ ಗಾಳಿಯಲ್ಲೊಂದು ಸುತ್ತು ಬರೆದಳು. "ಈಗ ನಾಕೂ ಕಡೆ ಊರೇ ಐತೆ. ನಡುವೆ ನೀನು ಗೆರೆ ಕಟ್ಟಿಬಿಟ್ರೆ ಓಡಿಸಿದ್ದೆಲ್ಲ ಎಲ್ಲಿ ಬಂದು ಕೂರ್ತತಪ್ಪಾ?"

ದೊಡ್ಡಣ್ಣ ನಂಬುವ ಮನುಷ್ಯ. ಚಿಕ್ಕವನಿದ್ದಾಗ ಅಪ್ಪ ಚರಗ ಚೆಲ್ಲಿ ಬಂದ ವಾರವೇ ಇಬ್ಬರು ತಂಗಿಯರು ವಾಂತಿಭೇದಿಯಿಂದ ಸತ್ತಿದ್ದರು. ಅಮ್ಮ ಊರನ್ನು ಉಳಿಸಿದಳು ಎಂದು ಗೌಡರ ಮನೆಯವರು ಖುಷಿಯಾಗಿ, ಹೊತ್ತವನ ಪಾಲಿನ ಕುರಿತಲೆಯ ಜೊತೆ ಒಂದು ಪಂಚೆಯನ್ನೂ ಕಳಿಸಿದ್ದರು. ಅಪ್ಪ ಆ ತಲೆಯನ್ನು ಒಳಗೆ ತರಲಿಲ್ಲ, ಪಂಚೆಯಲ್ಲೇ ಸುತ್ತಿ ಹೂಳಿದ. ಮುಂದಿನ ಸಲ ಮತ್ತೆ ಬುಟ್ಟಿ ಹೊತ್ತ. ಹೊರದೆ ಏನು ಮಾಡಿಯಾನು, ಪಾಪ.

"ಒಲ್ಲೆ ಅಂದುಬಿಡು," ಎಂದಳು ಅಂತರಘಟ್ಟಮ್ಮ. ಆಮೇಲೆ ತಾನೇ, "ಅಂದ್ರೆ ಸಿದ್ದೇಶ ಬಂದು ಚೆಲ್ತಾನೆ. ಕೂಲೀನೂ ಹೋಗ್ತತೆ, ಗೆರೇನೂ ಬೀಳ್ತತೆ," ಎಂದು ಸೊಪ್ಪಿನ ಮೊರ ಹತ್ತಿರಕ್ಕೆ ಎಳೆದುಕೊಂಡಳು.

ಮಾರನೇ ದಿನ ದೊಡ್ಡಣ್ಣ ಊರಮ್ಮನ ಗುಡಿಗೆ ಹೋಗಿ ಮೆಟ್ಟಿಲ ಕೆಳಗೆ ನಿಂತ. ಪೂಜಾರಿ ಮೇಲೆ ಕೂತು ಹೂವಿನ ಎಸಳು ಬಿಡಿಸುತ್ತಿದ್ದ.

"ಅಮ್ಮನ ಅಪ್ಪಣೆ ಆಗೈತೆ ಕಣಯ್ಯ. ಗೌಡ್ರು ಕೇಳ್ದಾಗ ಬಲಗಡೆ ಹೂ ಕೊಟ್ಳು."

"ನಂಗೂ ಒಂದ್ಸಲ ಕೇಳಿ ನೋಡ್ರಿ, ಸ್ವಾಮಿ. ಮನೇಲಿ ಹಸುಗೂಸು ಐತೆ. ಕೇರಿ ಒಳಗಿರ್ಲೋ ಹೊರಗಿರ್ಲೋ ಅಂತ ಒಂದೇ ಒಂದ್ಸಲ."

"ಹೊರಗಿನೋರಿಗೆ ಅಮ್ಮ ಹೂ ಕೊಡಲ್ಲ."

"ನಾವು ಹೊರಗಿನೋರು ಅಂತ ಯಾರ್ ಹೇಳಿದ್ರಿ?"

"ನೀನೇ ಅಲ್ಲೇನೋ, ಮೂರ್ಮೂರು ವರ್ಷಕ್ಕೆ ಗೆರೆ ಹಾಕಿ ಹೇಳೋನು?" ಪೂಜಾರಿ ನಕ್ಕು, ಮೇಲಿನಿಂದ ಒಂದು ಚಿಟಿಕೆ ಭಂಡಾರ ತೂರಿದ. ಅರ್ಧ ಗಾಳಿಗೆ ಹೋಯಿತು, ಅರ್ಧ ದೊಡ್ಡಣ್ಣನ ಕಣ್ಣಿಗೆ ಬಿತ್ತು.

ಸೋಮವಾರ ಮಲ್ಲೇಶಪ್ಪನಿಗೆ ಹೊಸ ಯೋಚನೆ ಹೊಳೆಯಿತು. ಚರಗ ಚೆಲ್ಲುವುದನ್ನು ಡ್ರೋನಿನಲ್ಲಿ ವಿಡಿಯೋ ಮಾಡಿ ಲೇಔಟಿನ ಜಾಹೀರಾತಿಗೆ ಹಾಕುವುದು. ಹಾಗಾಗಿ ಕೋಳಿ ಕೂಗುವ ಮುಂಚೆ ಆಗಬೇಕಿದ್ದದ್ದು ಬಿಸಿಲು ಬಂದ ಮೇಲೆ ಎಂದಾಯಿತು. ಮೇಲಿನಿಂದ ಗೆರೆ ಚೆನ್ನಾಗಿ ಕಾಣಲಿ ಎಂದು ದಾರಿಯುದ್ದಕ್ಕೂ ಬ್ಲೀಚಿಂಗ್ ಪೌಡರ್ ಹಾಕಲು ಪೌರಕಾರ್ಮಿಕರಿಗೆ ಹೇಳಿದ. ಕೇರಿಯ ಸುತ್ತಿನ ಪಾಳಿ ಅಂತರಘಟ್ಟಮ್ಮನಿಗೆ ಬಂತು.

ಮೇಸ್ತ್ರಿ ದಾರ ಹಿಡಿದು ಮುಂದೆ ಮುಂದೆ ನಡೆದ. ಅವಳು ಬಕೆಟ್ಟು ಹಿಡಿದು ಬಗ್ಗಿಕೊಂಡು ಬಿಳಿ ಗೆರೆ ಎಳೆಯುತ್ತಾ ಬಂದಳು. ಸ್ವಂತ ಮನೆಯ ಮುಂದೆ ಬಂದಾಗ ಮೇಸ್ತ್ರಿ, "ಜಗಲಿಗೆ ತಾಗಿಸ್ಬೇಡಮ್ಮ, ಜಗಲಿ ಒಳಗಿರ್ಲಿ... ಅಲ್ಲಲ್ಲ, ಹೊರಗಿರ್ಲಿ," ಎಂದು ತಲೆ ಕೆರೆದುಕೊಂಡ. ಜಗಲಿಯ ಮೇಲಿದ್ದ ಗಿಡ್ಡಮ್ಮ, "ಯಾರದು, ನಮ್ಮನೆ ಮುಂದೆ ಔಷ್ದಿ ಹಾಕೋರು?" ಎಂದಳು. ಸೊಸೆಗೆ ಅಲ್ಲೇ ಬಕೆಟ್ಟು ಬಿಸಾಕಿ ಗೋಳೋ ಎಂದು ಅತ್ತುಬಿಡಬೇಕು ಅನ್ನಿಸಿತ್ತು. ಮೇಸ್ತ್ರಿ ದಾರ ಜಗ್ಗಿದ, ಅವಳು ಮುಂದಕ್ಕೆ ಹೋದಳು.

ಸಂಜೆ ಕೈ ತೊಳೆಯುತ್ತಾ ಗಂಡನಿಗೆ ಹೇಳಿದಳು: "ನಮ್ಮನೆಗೆ ನಾನೇ ಬೇಲಿ ಹಾಕಿ ಬಂದೆ, ಮಾಲನಪ್ಪಾ. ನಾಳೆ ಅದ್ರ ಮೇಲೆ ನೀನು ರಕ್ತ ಚೆಲ್ಲು. ಇಬ್ರೂ ಸೇರಿ ಕೂಸಿನ ಕತೆ ಮುಗಿಸಾನ." ಒಳಗೆ ಕೂಸು ಕೊಸರಾಡಿತು, ಮಾಲಾ ಎದೆಗೆ ಎಳೆದುಕೊಂಡಳು.

ಮಂಗಳವಾರ ಬೆಳಿಗ್ಗೆ ಬುಟ್ಟಿ ಅವನ ತಲೆ ಏರಿತು. ತಮಟೆ ಬಡಿದರು. ತಲೆಯ ಮೇಲೆ ಗುಂಯ್‌ಗುಡುವ ಡ್ರೋನು, ಹಿಂದೆ ದೂರದಲ್ಲಿ ಊರ ಗಂಡಸರು, ಎಲ್ಲರ ಮುಂದೆ ಬಿಳಿ ಪಂಚೆಯ ಮಲ್ಲೇಶಪ್ಪ. ದೊಡ್ಡಣ್ಣ ಕರಗಲ್ಲು ಬಿಟ್ಟು ಹೊರಟ. ಕಾಲೇಜಿನ ಹಿಂದೆ, ಬಂಕಿನ ಪಕ್ಕ, ಲೇಔಟಿನ ಕೊನೆಯ ಕಂಬದ ಆಚೆ, ಹಿಡಿ ಹಿಡಿ ಅನ್ನ ಚೆಲ್ಲುತ್ತಾ ನಡೆದ. ಅವನು ಅಗೆದ ಪಾಯಗಳು, ಅವನು ಬಾಚಿದ ಚರಂಡಿಗಳು ಒಂದೊಂದಾಗಿ ಗೆರೆಯ ಒಳಕ್ಕೆ ಬಂದವು. ಊರು ಬೆಳೆದದ್ದು ಅವನಿಗೆ ಕಾಲಿನಲ್ಲಿ ಗೊತ್ತಾಯಿತು. ಅಪ್ಪನ ಕಾಲಕ್ಕೆ ಇಷ್ಟು ಹೊತ್ತಿಗೆ ಬುಟ್ಟಿ ಇಳಿದು ಹೋಗಿರುತ್ತಿತ್ತು.

ದೊಡ್ಡ ಸುತ್ತು ಮುಗಿಯಿತು. ಬಸ್‌ಸ್ಟ್ಯಾಂಡಿನ ಹಿಂದಿನಿಂದ ಬಂದು ಕೇರಿಯ ಬಾಯಿಗೆ ನಿಂತ. ಅಲ್ಲಿಂದ ಬಿಳಿ ಗೆರೆ ಶುರು. ಬುಟ್ಟಿಯಲ್ಲಿ ಸಣ್ಣ ಸುತ್ತಿಗೆ ಬೇಕಾದಷ್ಟು ಅನ್ನ ಇನ್ನೂ ಇತ್ತು. ಎದುರಿಗೆ ಅವನ ಜಗಲಿ, ಜಗಲಿಯ ಮೇಲೆ ಕಿವಿಗೊಟ್ಟು ಕೂತ ಅವ್ವ, ಬಾಗಿಲಲ್ಲಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತ ಮಾಲಾ.

ಅವನು ಕೈ ಎತ್ತಲಿಲ್ಲ.

"ನಡೀಲೇ," ಎಂದ ಮಲ್ಲೇಶಪ್ಪ ಹಿಂದಿನಿಂದ. ತಮಟೆಯವರು ಇನ್ನಷ್ಟು ಜೋರಾಗಿ ಬಡಿದು ನೋಡಿದರು. ದೊಡ್ಡಣ್ಣ ನಿಂತೇ ಇದ್ದ. ಹಿಂದಕ್ಕೆ ತಿರುಗುವ ಹಾಗಿಲ್ಲ, ಮುಂದಕ್ಕೆ ಕಾಲು ಬರುವುದಿಲ್ಲ. ತಮಟೆ ತಾನಾಗಿ ನಿಂತಿತು.

"ಏನ್ ನಾಟಕನಲೇ ಇದು? ಸೂಳೆಮಗನೆ, ನಡೀತೀಯೋ ಇಲ್ವೋ?" ಮಲ್ಲೇಶಪ್ಪ ಮುಂದಕ್ಕೆ ನುಗ್ಗಿದವನು ತೋಳಳತೆಯ ದೂರದಲ್ಲಿ ಗಕ್ಕನೆ ನಿಂತ. ಮುಟ್ಟುವ ಹಾಗಿಲ್ಲ. "ಮುಟ್ಬ್ಯಾಡ್ರಿ ಗೌಡ್ರೆ, ರಕ್ತ ಕಾರ್ಬೇಕಾಗ್ತತೆ!" ಎಂದು ಪೂಜಾರಿಯೇ ಅಬ್ಬರಿಸಿದ.

"ಆ ಸಿದ್ದೇಶಂಗೆ ಫೋನ್ ಹಚ್ರಲೇ!"

"ಹೊತ್ತ ಬುಟ್ಟಿ ಕಲ್ಲಿನತ್ರ ಇಳಿಯೋ ತನ್ಕ ಇನ್ನೊಬ್ಬ ಮುಟ್ಟಂಗಿಲ್ರಿ," ಎಂದ ಪೂಜಾರಿ.

ಬಿಸಿಲು ಏರಿತು. ಎಲ್ಲೆಯ ಆಚೆ ಹೊನ್ನಾಳಿಯ ಬಸ್ಸು ಹಾರನ್ ಹೊಡೆಯತೊಡಗಿತು, ಅದರ ಹಿಂದೆ ಹಾಲಿನ ವ್ಯಾನು, ಅದರ ಹಿಂದೆ ಕಾಲೇಜಿನ ಹುಡುಗರ ಬೈಕುಗಳು. ಯಾವ ಮನೆಯಲ್ಲೂ ಹೊಗೆಯಿಲ್ಲ. ಹೋಟೆಲಿನ ಷಟರು ಎತ್ತಿಲ್ಲ. ಹಸಿದ ಮಕ್ಕಳು ರಚ್ಚೆ ಹಿಡಿದವು, ಹೆಂಗಸರು ಬಾಗಿಲಿಗೆ ಬಂದು ಇಣುಕಿದರು. ಬಿದರಕೋಡಿ ಪಟ್ಟಣ ಇಡೀ ಒಬ್ಬನ ಕಾಲು ನೋಡುತ್ತಾ ನಿಂತಿತು.

ದೊಡ್ಡಣ್ಣನ ಕತ್ತು ನಡುಗತೊಡಗಿತ್ತು. ನಾಳೆ ಕೆಲಸವಿಲ್ಲ. ಇವತ್ತು ಸಂಜೆಗೆ ಏನೇನು ಕಾದಿದೆಯೋ, ಬುಟ್ಟಿ ಇಳಿದ ಗಳಿಗೆಯಿಂದ ಅವನನ್ನು ಎಲ್ಲರೂ ಮುಟ್ಟಬಹುದು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ದೊಡ್ಡಣ್ಣಾ," ಎಂದ ಮಲ್ಲೇಶಪ್ಪ. ಹುಟ್ಟಿದಾರಭ್ಯ ಮೊದಲ ಸಲ ಪೂರ್ತಿ ಹೆಸರು. "ದೊಡ್ಡಣ್ಣಾ, ನಡಿಯಪ್ಪ. ಜನ ನೋಡ್ತಿದಾರೆ. ಒಂದು ಹತ್ತು ಹೆಜ್ಜೆ. ಆಮೇಲೆ ಕೂತ್ಕಂಡು ಮಾತಾಡಾನ."

ಆಗ ಅಂತರಘಟ್ಟಮ್ಮ ಮನೆಯ ಮೂಲೆಯಿಂದ ಪೊರಕೆ ಹಿಡಿದು ಬಂದಳು, ದಿನಾ ಊರು ಗುಡಿಸುವ ಉದ್ದ ಹಿಡಿಯ ಪೊರಕೆ. ಯಾರ ಮುಖವನ್ನೂ ನೋಡದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ತನ್ನ ಜಗಲಿಯಿಂದ ಹಿಡಿದು ಬಿಳಿ ಗೆರೆಯನ್ನು ಗುಡಿಸತೊಡಗಿದಳು. ಪುಡಿ ಎದ್ದು ಊರ ಗಂಡಸರ ಮುಖಕ್ಕೆ ಹೊಡೆಯಿತು. ಮಲ್ಲೇಶಪ್ಪ ಕೆಮ್ಮುತ್ತಾ ಹಿಂದೆ ಸರಿದ. ಗುಡಿಸುತ್ತಾ ಗುಡಿಸುತ್ತಾ ಅವಳು ಗಂಡನ ಪಾದದ ತನಕ ಬಂದು, ಅಲ್ಲಿ ಪೊರಕೆ ಊರಿ ನಿಂತುಕೊಂಡಳು.

ಬುಟ್ಟಿಯ ಸಂದಿನಿಂದ ಇಳಿದ ಕೆಂಪು ನೀರು ದೊಡ್ಡಣ್ಣನ ಹಣೆಗೆ, ಹಣೆಯಿಂದ ಕಣ್ಣಿಗೆ ಬಂತು. ಅವನು ಒರೆಸಿಕೊಳ್ಳಲಿಲ್ಲ. ಆಚೆ ಹಾರನ್ನುಗಳು ಹೆಚ್ಚುತ್ತಲೇ ಇದ್ದವು. ಬುಟ್ಟಿ ತಲೆಯ ಮೇಲೇ ಇತ್ತು.