ಬರೋ ವೆಳ್ಳಿ

ಇನ್ನು ಕಾರು ಓಡಿಸಕೂಡದು ಎಂದು ಕಣ್ಣಿನ ಡಾಕ್ಟರು ವ್ಯಾಸರಾಜರಿಗೆ ಹೇಳಿದ ದಿನವೇ ಹೆಂಡತಿ ಗಂಗೂಬಾಯಿ ತೀರ್ಮಾನ ಮಾಡಿಬಿಟ್ಟರು. "ಮಾರಿಬಿಡ್ರಿ. ಆ ಕರಿ ಎಮ್ಮೆ ಮನೆ ಮುಂದೆ ಯಾಕೆ ಬಿದ್ದಿರಬೇಕು?"

ಯಾರಿಗೂ ಮುಟ್ಟಗೊಡದೆ ಸಾಕಿದ ಫಿಯೆಟ್ಟು ಎಮ್ಮೆ ಅನ್ನಿಸಿಕೊಂಡಿತಲ್ಲ ಎಂದು ವ್ಯಾಸರಾಜರಿಗೆ ಹೊಟ್ಟೆ ಉರಿಯಿತು. ಆದರೆ ಗಂಗೂಬಾಯಿಗೆ ಎದುರಾಡಿ ಗೆದ್ದವರು ಸೇಲಂನಲ್ಲಿ ಯಾರಿದ್ದಾರೆ?

ಹರೂರಿನ ಪಳನಿಯಪ್ಪನ್ ಬಂದು ನೋಡಿ ಒಪ್ಪಿದ. ಅವನ ಅಪ್ಪನ ಹತ್ತಿರವೂ ಇಂಥದೇ ಕರಿ ಫಿಯೆಟ್ಟಿತ್ತಂತೆ. ಬಣ್ಣ ಮಾಸಿದೆ, ಹೊಸದಾಗಿ ಹೊಡೆಸಿಕೊಡಿ, ಶುಕ್ರವಾರ ಒಯ್ಯುತ್ತೇನೆ ಎಂದ. ವ್ಯಾಸರಾಜರು ಮಣಿಕಂಠನ್‌ನ ಪೇಂಟ್ ಶೆಡ್ಡಿಗೆ ಅವನ ಕೈಯಲ್ಲೇ ಕಾರು ಕಳಿಸಿ, ತಾವೂ ಹೋಗಿ, "ವೆಳ್ಳಿ ವೇಣುಂಪ್ಪಾ, ಮರಕ್ಕಾದೆ," ಶುಕ್ರವಾರಕ್ಕೆ ಬೇಕಪ್ಪಾ, ಮರೀಬೇಡ ಎಂದು ಎರಡು ಸಲ ಹೇಳಿ ಬಂದರು. ಕರಿ ಕಾರಿಗೆ ಕರಿ ಬಣ್ಣ ಅಂತ ಬೇರೆ ಹೇಳಬೇಕೇ?

ಬರಿಗೈಯಲ್ಲಿ ಮನೆಗೆ ನಡೆಯುವಾಗ ಮಗಳು ಅಪರ್ಣಾಳ ಬಾಲ್ಯ ನೆನಪಾಯಿತು. ಎಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಬೆಳ್ಳಿ ಕಾರಿನ ವೀರನೊಬ್ಬ ಬರುತ್ತಿದ್ದ. ಮಾತೆಲ್ಲ ಹಿಂದಿ. ಮನೆಯಲ್ಲಿ ಒಬ್ಬರಿಗೂ ಹಿಂದಿ ಬಾರದು. ವ್ಯಾಸರಾಜರೇ ಎಲ್ಲ ಬಲ್ಲವರ ಹಾಗೆ ಕನ್ನಡದಲ್ಲಿ ಹೇಳುತ್ತಿದ್ದರು. ಹಾಗಾಗಿ ಆ ವೀರ ಕಳ್ಳರನ್ನು ಬಡಿಯುವ ಮುಂಚೆ, "ಏನ್ಲಾ, ಉಪ್ಪಿಟ್ಟು ತಿಂದ್ಯಾ?" ಎಂದು ಗದರುತ್ತಿದ್ದ. ಅಪರ್ಣಾ ಹೆದರಿ ತಟ್ಟೆ ಖಾಲಿ ಮಾಡುತ್ತಿದ್ದಳು. ಕರೆಂಟು ಹೋದರೆ ಅಪ್ಪ ಮಗಳು ಫಿಯೆಟ್ಟಿನಲ್ಲಿ ಕೂತು ಉಳಿದ ಕಥೆ ಮುಗಿಸುತ್ತಿದ್ದರು. ಕಾರು ನಿಂತಲ್ಲೇ ನಿಂತು ಏರ್ಕಾಡಿನ ತಿರುವೆಲ್ಲ ಹತ್ತುತ್ತಿತ್ತು.

"ಅಪ್ಪಾ, ನಮ್ ಕಾರ್ಗೂ ಬೆಳ್ಳಿ ಬಣ್ಣ ಒಡ್ಸು."

"ಬರೋ ವೆಳ್ಳಿ ಒಡ್ಸಾನ ಬಿಡು."

ಆ ವೆಳ್ಳಿ ಬರಲೇ ಇಲ್ಲ. ಧಾರಾವಾಹಿ ನಿಂತಿತು, ಮಗಳು ಕೇಳುವುದನ್ನೂ ಬಿಟ್ಟಳು. ಯಾವಾಗ ಬಿಟ್ಟಳು ಅಂತಲೂ ನೆನಪಾಗದೆ ವ್ಯಾಸರಾಜರಿಗೆ ದುಃಖವಾಯಿತು.

ಶುಕ್ರವಾರ ಪಳನಿಯಪ್ಪನ್ ಜೊತೆ ಶೆಡ್ಡಿಗೆ ಹೋದರೆ, ಫಿಯೆಟ್ಟು ಬೆಳ್ಳಿಯಾಗಿ ಫಳಫಳ ಹೊಳೆಯುತ್ತಿತ್ತು.

"ನೀಂಗದಾನೇ ಸಾರ್ ವೆಳ್ಳಿ ವೇಣುಂನ್ನೀಂಗ?" ಎಂದ ಮಣಿಕಂಠನ್. ನೀವೇ ಕೇಳಿದಿರಲ್ಲ!

ವ್ಯಾಸರಾಜರು ತಲೆ ಚಚ್ಚಿಕೊಂಡರು. ಅವರ ಮನೆಯಲ್ಲಿ ಬೆಳ್ಳಿ ಎಂದರೆ ಪೂಜೆಯ ಲೋಟ, ವೆಳ್ಳಿ ಎಂದರೆ ಶುಕ್ರವಾರ. ತಮಿಳಿನವನಿಗೆ ಎರಡೂ ವೆಳ್ಳಿಯೇ.

"ಎನಕ್ಕು ಕರುಪ್ಪುದಾನ್ ವೇಣುಂ," ಕರಿಯದೇ ಬೇಕು ಎಂದು ಪಳನಿಯಪ್ಪನ್ ಹರೂರು ಬಸ್ಸು ಹಿಡಿದ. ಮಣಿಕಂಠನ್ ಮುಖ ಸಣ್ಣದು ಮಾಡಿಕೊಂಡು ಕಾರನ್ನು ಮನೆಗೆ ತಂದು ನಿಲ್ಲಿಸಿದ.

"ಇದೇನ್ರೀ, ಕರಿ ಎಮ್ಮೆ ಓಗಿ ಬಿಳಿ ಎಮ್ಮೆ ಬಂದೈತೆ!" ಗಂಗೂಬಾಯಿ ಸೆರಗು ಬಾಯಿಗಿಟ್ಟು ನಕ್ಕರು.

ಸಂಜೆ ಆಫೀಸಿನಿಂದ ಬಂದ ಅಪರ್ಣಾ ಗೇಟಿನಲ್ಲೇ ನಿಂತುಬಿಟ್ಟಳು. ಬಾನೆಟ್ಟಿನ ಮೇಲೆ ಮೆಲ್ಲಗೆ ಕೈಯಾಡಿಸಿದಳು.

"ಅಪ್ಪಾ, ವೆಳ್ಳಿ ಬಂತಾ?"

ಎಲ್ಲಾ ಆ ಮಣಿಕಂಠನ್ ಮಾಡಿದ ಎಡವಟ್ಟು ಎಂಬ ಮಾತು ವ್ಯಾಸರಾಜರ ನಾಲಿಗೆ ತುದಿಯಲ್ಲಿತ್ತು. ನುಂಗಿಕೊಂಡರು.

"ಬಂತು ಕಣಮ್ಮ. ವಸಿ ತಡ ಆಯ್ತು."

ಡ್ರೈವಿಂಗ್ ಕಲಿತಿದ್ದರೂ ಅಪ್ಪನ ಕಾರು ಕೇಳಲು ಅವಳಿಗೆ ಎಂದೂ ಧೈರ್ಯ ಬಂದಿರಲಿಲ್ಲ. ಇಂದು ಅಪ್ಪನೇ ಕೀಲಿ ಕೊಟ್ಟು, ತಮ್ಮ ಕಾರಿನ ಎಡಗಡೆ ಸೀಟಿನಲ್ಲಿ ಮೊದಲ ಸಲ ಕೂತರು.

ಅಪರ್ಣಾ ಸ್ಟಾರ್ಟ್ ಮಾಡಿ, ಗಂಟಲು ದಪ್ಪ ಮಾಡಿಕೊಂಡು ಗದರಿದಳು: "ಏನ್ಲಾ, ಉಪ್ಪಿಟ್ಟು ತಿಂದ್ಯಾ?"

"ತಿಂದೆ ಸ್ವಾಮಿ," ಎಂದು ವ್ಯಾಸರಾಜರು ಕಣ್ಣೊರೆಸಿಕೊಂಡರು, "ತಟ್ಟೆ ಖಾಲಿ ಐತೆ."