ನಿಂಗಯ್ಯನ ಮನೆ ಇಲ್ಲದ ನಕ್ಷೆ

ಪಾಪಮ್ಮ ಕೈಯಲ್ಲಿದ್ದ ಪೊರಕೆಯನ್ನು ರೇವತಿಯ ಕಾಲ ಬಳಿಗೆ ಎಸೆದಳು.

"ನೀನೂ ಲೈನ್ ಮನೇಲಿ ಹುಟ್ಟಿದೋಳಲ್ವೇನೇ? ನಿಮ್ಮವ್ವ ತಂಗಮ್ಮನೂ ನಾನೂ ಒಟ್ಟಿಗೇ ಕಾಫಿ ಹಣ್ಣು ಕುಯ್ದೋರು. ನಮ್ಮನೆ ಕೆಡವಿ ಅಂತ ಬರ್ಕೊಡೋಕೆ ನಿಂಗೆ ಮನಸಾದ್ರೂ ಹೆಂಗೆ ಬಂತು?"

ರೇವತಿಗೆ ಏನೂ ಅರ್ಥವಾಗಲಿಲ್ಲ. ಕಾಫಿ ತೋಟದ ಕೂಲಿಯವರ ಲೈನ್ ಮನೆಯಲ್ಲಿ ಬೆಳೆದ ಅವಳು ಈಗ ಮೂಡಿಗೆರೆಯಲ್ಲಿ ಸಣ್ಣ ಕಚೇರಿ ಇಟ್ಟುಕೊಂಡಿದ್ದ ಆರ್ಕಿಟೆಕ್ಟ್. ದೇವರಮನೆ ರಸ್ತೆಯ ಈ ಎಸ್ಟೇಟಿನಲ್ಲಿ ಮಾಲೀಕ ಶಶಿಧರ್ ಅವರಿಗೆ ವಾರಾಂತ್ಯದ ಮನೆ ವಿನ್ಯಾಸ ಮಾಡಿದ್ದಳು. ಉದ್ದನೆಯ ಒಂದೇ ಹಜಾರ, ಅಲಂಕಾರವಿಲ್ಲದ ಬಿಳಿ ಗೋಡೆ, ಸಿಮೆಂಟಿನ ನೆಲ. ಕೈದೋಟದ ಕಡೆ ಗೋಡೆಯೇ ಇಲ್ಲ, ಪೂರ್ತಿ ಸರಿಯುವ ಗಾಜಿನ ಬಾಗಿಲುಗಳು. ಕೈದೋಟದ ಕೆಳತುದಿಗೆ ನಿಂಗಯ್ಯ, ಪಾಪಮ್ಮ ದಂಪತಿಯ ಹೆಂಚಿನ ಮನೆ. ಅದಕ್ಕೆ ಹಕ್ಕುಪತ್ರವಿತ್ತು. ಅದನ್ನು ನಕ್ಷೆಯಲ್ಲಿ ಇದ್ದ ಹಾಗೇ ತೋರಿಸಿದ್ದಳು. ಇವತ್ತು ಪಾಯಕ್ಕೆ ಗುರುತು ಹಾಕಿಸಲು ಬಂದರೆ ಈ ಬೈಗುಳ.

ನಿಂಗಯ್ಯ ಒಳಗಿನಿಂದ ಒಂದು ಕಾಗದ ತಂದ. "ಹದಿನೈದು ದಿನಕ್ಕೆ ಖಾಲಿ ಮಾಡ್ಬೇಕಂತೆ. 'ಇಂಜಿನಿಯರಮ್ಮನೇ ಹೇಳಿದ್ಮೇಲೆ ನಾನೇನ್ ಮಾಡ್ಲಿ' ಅಂದ್ರು ಸಾವ್ಕಾರ್ರು."

ಅದು ಅವಳದೇ ನಕ್ಷೆ. ಆದರೆ ನಿಂಗಯ್ಯನ ಮನೆ ಇದ್ದ ಕಡೆ ಬರೀ ಹುಲ್ಲುಹಾಸು. ಕೆಳಗೆ ಅವಳ ಸಹಿ, ಅವಳ ಸೀಲು.

ರೇವತಿ ಕಾಗದ ಹಿಡಿದು ಸೀದಾ ಎಸ್ಟೇಟಿನ ಹಳೇ ಬಂಗಲೆಗೆ ಹೋದಳು. ಜಗಲಿಯಲ್ಲಿ ಶಶಿಧರ್ ಮತ್ತು ಮಗ ಅಶ್ವಿನ್ ತಿಂಡಿ ತಿನ್ನುತ್ತಿದ್ದರು.

"ಇದನ್ನ ಯಾರು ತಿದ್ದಿದ್ದು?"

"ನಾನೇ," ಎಂದ ಅಶ್ವಿನ್. "ಸೀಲ್ ಸಮೇತ ಫೈಲ್ ನೀವೇ ಕಳ್ಸಿದ್ರಲ್ಲ. ಸ್ವಲ್ಪ ಕ್ಲೀನ್ ಮಾಡ್ದೆ, ಅಷ್ಟೇ."

"ಎರಡು ಜೀವ ಇರೋ ಮನೆ ನಿಮಗೆ ಕಸನಾ?"

"ಕೂತ್ಕೊಳ್ಳಿ ರೇವತಿ," ಎಂದರು ಶಶಿಧರ್. "ಬಾಗಿಲು ತೆಗೆದ್ರೆ ಗುಡ್ಡ ಕಾಣ್ಬೇಕು ಅಂತ ನೀವೇ ಹೇಳಿದ್ದಲ್ವಾ? ಅವ್ರು ಒಣಗಿಸಿರೋ ಬಟ್ಟೆ ನೋಡ್ತಾ ಕೂರ್ಬೇಕಾ ನಾವು? ಅವ್ರಿಗೆ ಲೈನಲ್ಲಿ ಒಂದು ರೂಮ್ ಕೊಡ್ತೀನಿ."

"ಹಾಗಂತ ನೀವೇ ಹೋಗಿ ಹೇಳ್ಬೇಕಿತ್ತು. ನನ್ನ ಹೆಸರು ಯಾಕೆ ಮುಂದೆ ಮಾಡಿದ್ರಿ?"

ಶಶಿಧರ್ ನಕ್ಕರು. "ನಾವು ಹೇಳಿದ್ರೆ ಗಲಾಟೆ ಆಗುತ್ತೆ ಮಾರಾಯ್ತಿ. ನೀವು ಅವ್ರ ಪೈಕಿ. ನಿಮ್ಮ ಮಾತಾದ್ರೆ ಕೇಳ್ತಾರೆ."

ಊರಲ್ಲಿ ಅಷ್ಟು ಜನ ಆರ್ಕಿಟೆಕ್ಟರಿದ್ದೂ ಈ ಕೆಲಸ ತನಗೇ ಯಾಕೆ ಬಂತೆಂದು ರೇವತಿಗೆ ಆಗ ಹೊಳೆಯಿತು. ಐದು ತಿಂಗಳು ಈ ಮನೆಗಾಗಿ ನಿದ್ದೆಗೆಟ್ಟಿದ್ದಳು. ತನ್ನ ಕೈಕೆಲಸ ಮೆಚ್ಚಿ ಕರೆದಿದ್ದಾರೆಂದು ಅವ್ವನ ಮುಂದೆ ಹೆಮ್ಮೆಪಟ್ಟಿದ್ದಳು.

"ಆ ಪೇಪರ್ ಕೊಟ್ಟು ಹೋಗಿ," ಎಂದ ಅಶ್ವಿನ್.

"ಇದು ಪಂಚಾಯ್ತಿಗೆ ಹೋಗುತ್ತೆ. ನನ್ನ ಸೀಲು ಕದ್ದು ಒಬ್ರನ್ನ ಒಕ್ಕಲೆಬ್ಬಿಸ್ತೀರಾ? ನಾಚಿಕೆ ಆಗ್ಬೇಕು ನಿಮಗೆ!" ಅವಳ ಕೂಗಿಗೆ ಅಡಿಗೆಯವಳೂ ಬಾಗಿಲಿಗೆ ಬಂದು ನಿಂತಳು.

ಅವಳು ಅಲ್ಲಿಂದ ಹೊರಟು ನಿಂಗಯ್ಯ, ಪಾಪಮ್ಮರನ್ನು ತನ್ನ ಜೀಪಿಗೆ ಹತ್ತಿಸಿಕೊಂಡು ಪಂಚಾಯಿತಿಗೆ ಹೋದಳು. ಹಕ್ಕುಪತ್ರದ ಪ್ರತಿ ಇಟ್ಟು, ತನ್ನ ನಕ್ಷೆಯನ್ನು ತಿದ್ದಲಾಗಿದೆ, ಅದನ್ನು ವಾಪಸು ಪಡೆಯುತ್ತಿದ್ದೇನೆ ಎಂದು ಬರೆದುಕೊಟ್ಟಳು. ಸಿಟ್ಟಿನಲ್ಲಿ ಬರೆದ ಮೊದಲ ಎರಡು ಹಾಳೆ ಹರಿದು ಬಿಸಾಡಬೇಕಾಯಿತು. ಸ್ವೀಕೃತಿ ಪತ್ರ ಕೈಗೆ ಬಂದ ಮೇಲೆ ಪಾಪಮ್ಮ, "ಏನೋ ಅಂದ್ಬಿಟ್ಟೆ ಮಗಾ," ಎಂದಳು.

"ಅಂದಿದ್ದೇ ಒಳ್ಳೇದಾಯ್ತು ಬಿಡಿ. ಇಲ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ."

ಪಂಚಾಯಿತಿ ಶಶಿಧರ್ ಅವರ ಹೊಸ ಮನೆಯ ಪರವಾನಗಿ ತಡೆಹಿಡಿಯಿತು. ನಿಂಗಯ್ಯನ ಮನೆ ಉಳಿಯಿತು. ಶಶಿಧರ್ ಬೇರೆಯವರಿಂದ ಎಸ್ಟೇಟಿನ ಇನ್ನೊಂದು ಮಗ್ಗುಲಲ್ಲಿ ಮನೆ ಕಟ್ಟಿಸಿದರು. ಮಾತು ಹಬ್ಬಿ, ರೇವತಿಯ ಕೈಯಲ್ಲಿದ್ದ ಮೂವರು ಕಾಫಿ ಪ್ಲಾಂಟರುಗಳ ಕೆಲಸವೂ ತಪ್ಪಿತು.

"ಸ್ವಲ್ಪ ತಡ್ಕೋಬಾರ್ದಿತ್ತೇನೇ?" ಎಂದಳು ತಂಗಮ್ಮ.

"ನೀನು ತೋಟದಲ್ಲಿ ಮೂವತ್ತು ವರ್ಷ ತಡ್ಕೊಂಡಿದ್ದು ಸಾಲ್ದಾ ಅವ್ವ?"

ರೇವತಿಯ ಸಿಟ್ಟು ಅವತ್ತು ಇಳಿಯಲೇ ಇಲ್ಲ.